ಶಿಲೀಂಧ್ರಗಳ ಜೀನೋಮ್ ಓದುವುದರಿಂದ ರೈತರಿಗೆ ನಿಜವಾಗಿ ಏನು ಪ್ರಯೋಜನ?

ನೀವು ಕೃಷಿ ಪದವಿ ಓದುತ್ತಿದ್ದೀರಿ, ಮನೆಯಲ್ಲಿ ರಾಗಿ ಮತ್ತು ಅಡಿಕೆ ಬೆಳೆಯುತ್ತಾರೆ, ಶಿಲೀಂಧ್ರಗಳ ಡಿಎನ್‌ಎ ಓದುವುದರಿಂದ ಹೊಲಕ್ಕೆ ಏನಾದರೂ ಬರುತ್ತದೆಯೇ ಅಥವಾ ಇದು ಸಂಶೋಧನಾ ಪ್ರಬಂಧಗಳಿಗಷ್ಟೇ ಸೀಮಿತವೇ ಎಂದು ಕೇಳಿದ್ದೀರಿ. ನಾನು ಸಸ್ಯರೋಗಶಾಸ್ತ್ರ ಓದಿ ಈಗ ಶಿಲೀಂಧ್ರ ಜೀನೋಮ್‌ಗಳ, ಅಂದರೆ ಅವುಗಳ ಪೂರ್ತಿ ಡಿಎನ್‌ಎ ಬರಹದ, ದತ್ತಾಂಶದ ಮೇಲೆ ಕೆಲಸ ಮಾಡುತ್ತೇನೆ. ಹೊಲಕ್ಕೆ ಬರುತ್ತದೆ, ಖಂಡಿತ. ಆದರೆ ಔಷಧಿಯ ಡಬ್ಬಿಯಾಗಿ ಬರುವುದಿಲ್ಲ. ಯಾವ ತಳಿ ಬಿತ್ತಬೇಕು, ಯಾವ ಔಷಧಿಗೆ ಹಣ ಸುರಿಯಬಾರದು ಎಂಬ ತಿಳಿವಳಿಕೆಯಾಗಿ ಬರುತ್ತದೆ.

2016ರ ಬಾಂಗ್ಲಾದೇಶದ ಪ್ರಕರಣ ನೋಡಿ. ಆ ವರ್ಷದ ಫೆಬ್ರವರಿಯಲ್ಲಿ ಅಲ್ಲಿನ ಗೋಧಿ ಹೊಲಗಳಲ್ಲಿ ತೆನೆಗಳು ಕಾಳು ಕಟ್ಟುವ ಮೊದಲೇ ಬೆಳ್ಳಗೆ ಒಣಗತೊಡಗಿದವು. ಸುಮಾರು 15,000 ಹೆಕ್ಟೇರ್‌ಗೆ ರೋಗ ತಗುಲಿತು. ಲಕ್ಷಣ ಶಿಲೀಂಧ್ರದಿಂದ ಬರುವ ಬೆಂಕಿರೋಗದ್ದೇ (ಬ್ಲಾಸ್ಟ್). ಆದರೆ ಗೋಧಿಯ ಬೆಂಕಿರೋಗ 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡದ್ದು, ಅದುವರೆಗೆ ಏಷ್ಯಾದಲ್ಲಿ ಎಲ್ಲೂ ಕಾಣಿಸಿಕೊಂಡಿರಲಿಲ್ಲ. ಹಾಗಾದರೆ ಪಕ್ಕದ ಭತ್ತದ ಗದ್ದೆಯ ಬೆಂಕಿರೋಗವೇ ಗೋಧಿಗೆ ಹಾರಿತೇ, ಅಥವಾ ಹೊರಗಿನಿಂದ ಬಂತೇ? ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಉತ್ತರ ಮಾತ್ರ ತುಂಬ ಮುಖ್ಯ. ಭತ್ತದಿಂದ ಹಾರಿದ್ದಾದರೆ ದೇಶದ ಪ್ರತಿ ಗದ್ದೆಯೂ ರೋಗದ ಮೂಲ. ಹೊರಗಿನಿಂದ ಬಂದದ್ದಾದರೆ ಬೀಜ ಮತ್ತು ಧಾನ್ಯದ ಸಾಗಣೆಯ ಮೇಲೆ ಕಣ್ಣಿಡಬೇಕು.

ವಿಜ್ಞಾನಿಗಳು ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತ ಕೂರಲಿಲ್ಲ. ರೋಗ ಹಿಡಿದ ಎಲೆಗಳನ್ನೇ ಹೊಲದಿಂದ ತಂದು, ಅವುಗಳಲ್ಲಿದ್ದ ಆರ್‌ಎನ್‌ಎಯನ್ನು, ಅಂದರೆ ಡಿಎನ್‌ಎಯಿಂದ ತಯಾರಾಗುವ ಪ್ರತಿಯನ್ನು, ನೇರವಾಗಿ ಓದಿದರು. ಫಲಿತಾಂಶವನ್ನು ಪ್ರಬಂಧ ಅಚ್ಚಾಗುವವರೆಗೆ ಬಚ್ಚಿಡದೆ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಬೇರೆ ದೇಶಗಳ ತಜ್ಞರು ತಮ್ಮಲ್ಲಿದ್ದ ಮಾದರಿಗಳೊಂದಿಗೆ ಹೋಲಿಸಿದರು. ಇದು ದಕ್ಷಿಣ ಅಮೆರಿಕದ ಗೋಧಿಯ ಬೆಂಕಿರೋಗದ ವಂಶ, ಸ್ಥಳೀಯ ಭತ್ತದ್ದಲ್ಲ ಎಂಬುದು ಆಗ ಸ್ಪಷ್ಟವಾಯಿತು. ಈ ತೆರೆದ ಹಂಚಿಕೆಯನ್ನು ನಾನು ಜೀನೋಮ್ ತಂತ್ರಜ್ಞಾನದಷ್ಟೇ ದೊಡ್ಡದೆಂದು ಭಾವಿಸುತ್ತೇನೆ.

ಶತ್ರು ಯಾರೆಂದು ತಿಳಿದ ಮೇಲೆ ದಕ್ಷಿಣ ಅಮೆರಿಕದ ಅನುಭವವನ್ನು ನೇರವಾಗಿ ಬಳಸಬಹುದಾಯಿತು. ಕಾಡು ಹುಲ್ಲಿನಿಂದ ಗೋಧಿಗೆ ಬಂದ 2ಎನ್‌ಎಸ್ ಎಂಬ ವರ್ಣತಂತುವಿನ ತುಣುಕು ಈ ರೋಗವನ್ನು ತಡೆಯುತ್ತದೆ ಎಂಬುದು ಗೊತ್ತಿತ್ತು. ಅದನ್ನು ಹೊಂದಿದ ಬಾರಿ ಗೋಮ್ 33 ತಳಿಯನ್ನು ಬಾಂಗ್ಲಾದೇಶ 2017ರಲ್ಲೇ ಬಿಡುಗಡೆ ಮಾಡಿತು. ಗಡಿಯ ಈಚೆಗೆ ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಮತ್ತು ನದಿಯಾ ಜಿಲ್ಲೆಗಳಲ್ಲಿ ಗೋಧಿ ಬಿತ್ತನೆಯನ್ನೇ ನಿಲ್ಲಿಸಿದರು. 2018ರಲ್ಲಿ ಜಾಂಬಿಯಾದಲ್ಲೂ ರೋಗ ಕಂಡಿತು. 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಎರಡೂ ಕಡೆ ಒಂದೇ ವಂಶ, ಆದರೆ ಬೇರೆ ಬೇರೆಯಾಗಿ ಬಂದು ಇಳಿದಿದೆ.

ಇದು ನಿಮ್ಮ ರಾಗಿಗೂ ಸಂಬಂಧಿಸಿದ್ದು. ರಾಗಿಯ ಕುತ್ತಿಗೆ ಮತ್ತು ತೆನೆಗೆ ಬರುವ ಬೆಂಕಿರೋಗ ಇದೇ ಪ್ರಭೇದದ ಇನ್ನೊಂದು ವಂಶ. ಇದರ ಭತ್ತದ ವಂಶದ ಜೀನೋಮ್ 2005ರಲ್ಲಿ ಪ್ರಕಟವಾಯಿತು: ಸುಮಾರು 4 ಕೋಟಿ ಡಿಎನ್‌ಎ ಅಕ್ಷರಗಳು, 11,000ದಷ್ಟು ಜೀನ್‌ಗಳು. ಅವುಗಳಲ್ಲಿ ಕೆಲವು, ಗಿಡದ ರಕ್ಷಣೆಯನ್ನು ಮಲಗಿಸುವ ಪ್ರೋಟೀನ್‌ಗಳನ್ನು ತಯಾರಿಸುತ್ತವೆ. ಗಿಡದಲ್ಲಿ ಅಂಥ ಪ್ರೋಟೀನನ್ನು ಗುರುತಿಸುವ ಜೀನ್ ಇದ್ದರೆ ರೋಗ ಅಲ್ಲಿಗೇ ನಿಲ್ಲುತ್ತದೆ. ಆದರೆ ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಭತ್ತದ ಪೈ-ಟಾ ಎಂಬ ನಿರೋಧಕ ಜೀನ್ ಗುರುತಿಸುವ ಪ್ರೋಟೀನನ್ನು ತಯಾರಿಸುವ ಶಿಲೀಂಧ್ರದ ಜೀನ್ ಇರುವುದು ಅದರ ವರ್ಣತಂತುವಿನ ತುದಿಯಲ್ಲಿ. ಆ ತುದಿ ಸುಲಭವಾಗಿ ಕಳಚಿಹೋಗುತ್ತದೆ. ಕಳಚಿತೆಂದರೆ ನಿರೋಧಕ ತಳಿಯೂ ಸೋಲುತ್ತದೆ. ಒಂದೇ ನಿರೋಧಕ ಜೀನ್ ನಂಬಿ ಸಾವಿರಾರು ಎಕರೆ ಬಿತ್ತುವುದು ಅಪಾಯ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ. ಇವತ್ತು ಜಿಪಿಯು 28 ಎಂಬ ರಾಗಿ ತಳಿ ರೋಗ ತಡೆಯುತ್ತಿದೆ ಎಂದು ನಿಶ್ಚಿಂತರಾಗದೆ, ಹೊಲದಲ್ಲಿರುವ ಶಿಲೀಂಧ್ರ ಹೇಗೆ ಬದಲಾಗುತ್ತಿದೆ ಎಂದು ನೋಡುತ್ತಲೇ ಇರಬೇಕು.

ಇನ್ನು ನಿಮ್ಮ ಅಡಿಕೆ. ಅದರ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಜೀವಿ ಶಿಲೀಂಧ್ರವೇ ಅಲ್ಲ. ಬೂಸ್ಟಿನಂತೆ ಎಳೆಎಳೆಯಾಗಿ ಬೆಳೆದರೂ ಡಿಎನ್‌ಎ ಪ್ರಕಾರ ಅದರ ಹತ್ತಿರದ ನೆಂಟರು ಸಮುದ್ರದ ಕಂದು ಪಾಚಿಗಳು. ಟ್ರೈಅಝೋಲ್ ಗುಂಪಿನ ಶಿಲೀಂಧ್ರನಾಶಕಗಳು ಕೆಲಸ ಮಾಡುವುದು ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆಯುವ ಮೂಲಕ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಆದ್ದರಿಂದ ಕೊಳೆಗೆ ಅವುಗಳನ್ನು ಹೊಡೆಯುವುದು ದುಡ್ಡು ದಂಡ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಹೊಡೆಯುವ ಹಳೆಯ ಪದ್ಧತಿ ಇಂದಿಗೂ ಸರಿ, ಏಕೆಂದರೆ ತಾಮ್ರಕ್ಕೆ ಈ ವ್ಯತ್ಯಾಸದ ಹಂಗಿಲ್ಲ.

ಜೈವಿಕ ತಂತ್ರಜ್ಞಾನದ ಬಗ್ಗೆ ಒಂದೇ ಉದಾಹರಣೆ ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಕ್ಯಾನ್ವಾಸ್ ಡೇರೆಗಳನ್ನು ಕೊಳೆಸುತ್ತಿದ್ದ ಟ್ರೈಕೋಡರ್ಮಾ ರೀಸೈ ಎಂಬ ಶಿಲೀಂಧ್ರ ಇಂದು ಜೀನ್ಸ್ ಬಟ್ಟೆ ಮೆದುಗೊಳಿಸುವುದರಿಂದ ಹಿಡಿದು ಕೃಷಿ ತ್ಯಾಜ್ಯದಿಂದ ಎಥನಾಲ್ ತಯಾರಿಸುವವರೆಗೆ ಬಳಕೆಯಾಗುವ, ಸಸ್ಯದ ನಾರನ್ನು ಕರಗಿಸುವ ಸೆಲ್ಯುಲೇಸ್ ಕಿಣ್ವದ ಮೂಲ. ಅದರ ಜೀನೋಮನ್ನು 2008ರಲ್ಲಿ ಓದಿದಾಗ ಸೆಲ್ಯುಲೇಸ್ ಜೀನ್‌ಗಳು ಇತರ ಕೊಳೆಸುವ ಶಿಲೀಂಧ್ರಗಳಿಗಿಂತ ಕಡಿಮೆ ಇದ್ದವು! ಅದರ ಬಲ ಜೀನ್‌ಗಳ ಸಂಖ್ಯೆಯಲ್ಲಿಲ್ಲ, ಇರುವ ಕೆಲವನ್ನು ಜೋರಾಗಿ ದುಡಿಸಿ ಕಿಣ್ವವನ್ನು ಹೊರಗೆ ಸುರಿಸುವುದರಲ್ಲಿದೆ. ನಾವು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ಪುಡಿಯೂ ಇದೇ ಕುಲದ್ದು. 2011ರ ಹೋಲಿಕೆಯಿಂದ ಬೇರೆ ಶಿಲೀಂಧ್ರಗಳನ್ನು ತಿಂದು ಬದುಕುವುದೇ ಈ ಕುಲದ ಮೂಲ ಗುಣ ಎಂದು ಗೊತ್ತಾಯಿತು.

ಈ ದಾರಿಯಲ್ಲಿ ಮುಂದುವರಿಯುವ ಆಸೆ ನಿಮಗಿದ್ದರೆ ದುಬಾರಿ ಯಂತ್ರ ಬೇಕಿಲ್ಲ. ಮೈಕೊಕಾಸ್ಮ್ ಜಾಲತಾಣದಲ್ಲಿ ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳ ಜೀನೋಮ್‌ಗಳು ಸಿಗುತ್ತವೆ. 2005ರಲ್ಲಿ ಜೀನೋಮ್ ಪ್ರಕಟವಾದ, 70-15 ಎಂಬ ಹೆಸರಿನ ಬೆಂಕಿರೋಗದ ಮಾದರಿಯಿಂದ ಆರಂಭಿಸಿ, ಜೊತೆಗೆ ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಿರಿ. ಹೊಲದಲ್ಲಿ ರೋಗವನ್ನು ಕಣ್ಣಿನಿಂದ ಗುರುತಿಸುವ ಅಭ್ಯಾಸವನ್ನೂ ಬಿಡಬೇಡಿ. ಮಾದರಿ ತಪ್ಪಾಗಿ ಆರಿಸಿದರೆ ಅದರಿಂದ ಬರುವ ಕೋಟಿ ಅಕ್ಷರಗಳೂ ತಪ್ಪು ದಾರಿಗೇ ಎಳೆಯುತ್ತವೆ.