ಮೇಲಿನ ಮನೆ ಬಾಡಿಗೆ ನಂಬಿ ಕೆಲಸ ಬಿಡಬಹುದಾ?

ನಮಸ್ಕಾರ ಸರ್. ಮೈಸೂರಿನ ಸ್ವಂತ ಮನೆ ಮೇಲೆ 35 ಲಕ್ಷ ಹಾಕಿ ಎರಡು ಮನೆ ಕಟ್ಟಿ, 18,000 ಬಾಡಿಗೆ ನಂಬಿ 42ಕ್ಕೇ ಕೆಲಸ ಬಿಡಬಹುದಾ ಅಂತ ಕೇಳಿದ್ದೀರಿ.

ಕಟ್ಟಿ, ತಪ್ಪಿಲ್ಲ. ವರ್ಷಕ್ಕೆ 2.16 ಲಕ್ಷ ಅಂದರೆ ಸುಮಾರು ಶೇ. 6. ಜಾಗ ನಿಮ್ಮದೇ ಆದ್ದರಿಂದ ಇಷ್ಟು ಗಿಟ್ಟುತ್ತದೆ. ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಟ್ಟರೆ ಎಷ್ಟೋ ಕಡೆ ಶೇ. 3 ಹುಟ್ಟುವುದೇ ಕಷ್ಟ. ಆದರೆ ಇದು ಸುಮ್ನೆ ಕೂತು ತಿನ್ನುವ ದುಡ್ಡಲ್ಲ. ನಮ್ಮದೂ ಒಂದು ಬಾಡಿಗೆ ಮನೆ ಇದೆ. ಖಾಲಿಯಾದಾಗಲೆಲ್ಲ ಸುಣ್ಣಬಣ್ಣ, ಒಂದೆರಡು ತಿಂಗಳು ಬಾಡಿಗೆ ಇಲ್ಲ, ಮೋಟಾರ್ ಕೆಡುವುದಂತೂ ಭಾನುವಾರವೇ! ಅಡ್ವಾನ್ಸ್ ದುಡ್ಡನ್ನು ಮುಟ್ಟಲೇಬೇಡಿ, ಅದು ವಾಪಸ್ ಕೊಡಬೇಕಾದ ಸಾಲ. ಆದಾಯ ತೆರಿಗೆಯಲ್ಲಿ ಮಾತ್ರ ಸ್ವಲ್ಪ ಅನುಕೂಲ: ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ಕ್ಕೆ ತೆರಿಗೆ ಇಲ್ಲ.

ಕೆಲಸ ಬಿಡುವುದು ಬೇರೆ ಮಾತು. ಖರ್ಚು ತಿಂಗಳಿಗೆ 40,000 ಅಂದಿದ್ದೀರಿ. ರಿಪೇರಿ ಎಲ್ಲ ಕಳೆದು ಬಾಡಿಗೆಯಿಂದ 15,000 ಕೈಗೆ ಬಂದರೂ ಇನ್ನೂ 25,000 ಬೇಕು, ವರ್ಷಕ್ಕೆ 3 ಲಕ್ಷ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಕೆಲಸ ಬಿಡಬಹುದು ಅಂತ ಎಲ್ಲರೂ ಹೇಳುವ ಲೆಕ್ಕ 1994ರಲ್ಲಿ ಅಮೆರಿಕದ ಷೇರು, ಬಾಂಡ್ ಅಂಕಿಗಳ ಮೇಲೆ, ದುಡ್ಡು 30 ವರ್ಷ ಬಾಳಲಿ ಅಂತ ಹಾಕಿದ್ದು. ನಿಮಗೆ 45 ವರ್ಷ ಬೇಕಾಗಬಹುದು, ನಮ್ಮಲ್ಲಿ ಬೆಲೆ ಏರುವುದೂ ಜಾಸ್ತಿ ಅಲ್ವಾ? ನಾನಾದರೆ 35 ಪಟ್ಟು, ಅಂದರೆ 1.05 ಕೋಟಿ ಕೂಡುವವರೆಗೆ ಸಂಬಳ ಬಿಡುವುದಿಲ್ಲ. ಕಂಪನಿಯ ಆರೋಗ್ಯ ವಿಮೆಯೂ ಕೆಲಸದ ಜೊತೆಗೇ ಹೋಗುತ್ತದೆ, ನೆನಪಿರಲಿ.

ಅಂದಹಾಗೆ, ಪಾಯ, ಪಿಲ್ಲರ್ ಇನ್ನೊಂದು ಅಂತಸ್ತು ತಡೆಯುತ್ತವಾ ಅಂತ ಇಂಜಿನಿಯರ್‌ಗೆ ತೋರಿಸಿದ್ದೀರಾ?