ಪ್ರ: ಸ್ಟೇಷನ್ ವ್ಯಾಗನ್ ಕಾರಿನ ಡಿಕ್ಕಿ ಬೀಡಿಂಗ್ (ಬಾಗಿಲ ಸುತ್ತಿನ ರಬ್ಬರ್) ಹೊಸದು ಹಾಕಿಸಿದ್ರೂ ಮಳೆಗೆ ಸ್ಟೆಪ್ನಿ ಗುಂಡಿಲಿ ನೀರು ನಿಲ್ಲುತ್ತೆ, ಯಾಕೆ?

ಬೀಡಿಂಗ್ ಹೊಸದು ಅಂದ್ಮೇಲೆ ಟೇಲ್ ಲ್ಯಾಂಪ್ ಹಿಂದಿನ ಗ್ಯಾಸ್ಕೆಟ್ (ನೀರು ತಡೆಯೋ ಫೋಮ್ ಪಟ್ಟಿ) ಹೋಗಿರೋ ಸಾಧ್ಯತೆನೇ ಜಾಸ್ತಿ, ನಮ್ಮ ವ್ಯಾಗನ್‌ನಲ್ಲೂ ಅದೇ ಆಗಿತ್ತು. ಆದ್ರೆ ಗಾಡಿ ನೋಡದೆ ಖಂಡಿತ ಅದೇ ಅನ್ನೋಕಾಗಲ್ಲ, ರೂಫ್ ರೈಲ್ (ಕಾರಿನ ಮೇಲಿನ ಲಗೇಜ್ ಕಂಬಿ) ಬೋಲ್ಟ್ ಹತ್ರದಿಂದಲೂ ಇಳೀಬಹುದು.

ಮೊದಲು ಸ್ಟೆಪ್ನಿ, ಮ್ಯಾಟ್ ಎಲ್ಲಾ ತೆಗೆದು ಗುಂಡಿ ಪೂರ್ತಿ ಒಣಗಿಸಿ. ಆಮೇಲೆ ಹಿಂದಿನ ಸೀಟ್ ಮಡಚಿ ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ, ಡಿಕ್ಕಿ ಮುಚ್ಚಿ ಇನ್ನೊಬ್ರು ಹೊರಗಿಂದ ಪೈಪಲ್ಲಿ ಮೆಲ್ಲಗೆ ನೀರು ಬಿಡಲಿ, ಬಂಪರ್ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋಗ್ಬೇಕು, ಒಂದೊಂದು ಜಾಗಕ್ಕೂ ಐದು ನಿಮಿಷ, ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಹರಿದು ಏನೂ ಗೊತ್ತಾಗಲ್ಲ. ಪ್ರೆಶರ್ ವಾಶ್ ಬೇಡವೇ ಬೇಡ.

ಲ್ಯಾಂಪ್ ಹಿಂದಿನ ತಗಡಲ್ಲಿ ಕಂದು ಗೆರೆ ಇಳಿದಿದ್ರೆ ಅಲ್ಲೇ ಲೀಕ್. ನಟ್ ಬಿಚ್ಚಿ ಲ್ಯಾಂಪ್ ಹೊರಗೆ ತೆಗೀರಿ, ಪುಡಿಪುಡಿಯಾದ ಹಳೇ ಫೋಮ್ ಕೆರೆದು ಒರೆಸಿ ಹೊಸ ಗ್ಯಾಸ್ಕೆಟ್ ಹಾಕಿ, ಸಿಗದಿದ್ರೆ ಬ್ಯುಟೈಲ್ ಟೇಪ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ) ಸಾಕು. ವಿನೆಗರ್ ವಾಸನೆ ಬರೋ ಸಿಲಿಕೋನ್ ಮಾತ್ರ ಹಚ್ಚಬೇಡಿ, ತಗಡು ತುಕ್ಕು ಹಿಡಿಯುತ್ತೆ.

ಮಳೆ ಇಲ್ಲದ ದಿನವೂ ಒದ್ದೆ ಆಗ್ತಿದ್ರೆ ಹಿಂದಿನ ವೈಪರ್‌ನ ನೀರಿನ ಟ್ಯೂಬ್ ನೋಡಿ, ಡಿಕ್ಕಿ ಬಾಗಿಲಿನ ಹಿಂಜ್ ಹತ್ರ ಮಡಚೋ ಜಾಗದಲ್ಲಿ ಸೀಳಿರಬಹುದು.