ವಿದೇಶಿ ಹುಡುಗರಿಗೆ ಮಹಡಿ ಮನೆ ಕೊಡಬಹುದಾ?

ರಾಯಚೂರಿಗೆ ಕೃಷಿ ಓದಲು ಬಂದಿರುವ ತಾಂಜಾನಿಯಾದ ಇಬ್ಬರು ಹುಡುಗರು ನಿಮ್ಮ ಮಹಡಿ ಮನೆ ಕೇಳಿದ್ದಾರೆ, ಓಣಿಯವರು ಗೊಣಗುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿ ಸರ್. ಆದರೆ ಕಾಗದಪತ್ರ ಮೊದಲು.

ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರೇ ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. ಸಿ ಫಾರ್ಮ್ ಅಂತ ಜನ ಕರೆಯೋದು ಅದನ್ನೇ. ಹುಡುಗರೇ ಮಾಡಿಸ್ಕೋತಾರೆ ಅಂತ ಸುಮ್ನೆ ಕೂರಬೇಡಿ, ಜವಾಬ್ದಾರಿ ನಿಮ್ಮದು. ಅವರ ಪಾಸ್‌ಪೋರ್ಟ್, ವೀಸಾ ಕೈಯಲ್ಲಿಟ್ಟುಕೊಂಡು ಕೂತರೆ ಆಯ್ತು. ತೊಡಕಾದರೆ ಎಸ್ಪಿ ಕಚೇರಿಯಲ್ಲಿ ವಿಚಾರಿಸಿ, ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳೋದು ಅವರೇ.

ಇನ್ನು ಓಣಿ. ಗೊಣಗಾಟದಲ್ಲಿ ಅರ್ಧ ನೀರಿಂದೇ ಇರುತ್ತೆ, ಅಲ್ವಾ? ನಳ ಬರುವ ಹೊತ್ತು, ಮೋಟಾರು, ಗೇಟು ಹಾಕುವ ಸಮಯ, ಎಲ್ಲ ಮೊದಲ ದಿನವೇ ಹೇಳಿಬಿಡಿ. ನಮ್ಮ ಪಕ್ಕದ ಮನೆಯಲ್ಲೂ ಒಬ್ಬ ಹೊರದೇಶದ ಹುಡುಗ ಇದ್ದ. ಎದುರು ಮನೆ ಅಜ್ಜಿ ಅವನನ್ನು ಕಂಡರೆ ಬಾಗಿಲು ಹಾಕ್ಕೊಳ್ಳೋರು. ಒಂದಿನ ಅವರ ಕೊಡಗಳನ್ನೆಲ್ಲ ಮೆಟ್ಟಿಲು ಹತ್ತಿಸಿ ಕೊಟ್ಟ. ಆಮೇಲೆ ಅವನಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ! ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ತಿನ್ನುತ್ತಿದ್ದ. ನಿಮ್ಮ ಹುಡುಗರಿಗೆ ಊಟದ ಕಷ್ಟ ಇನ್ನೂ ಕಮ್ಮಿ. ಅವರ ಕಡೆಯ ಉಗಾಲಿ ನಮ್ಮ ಮುದ್ದೆಯ ದೂರದ ನೆಂಟ, ಮೆಕ್ಕೆಜೋಳದ ಹಿಟ್ಟಿನದು ಅಷ್ಟೆ.

ವಿದೇಶಿಯರು ಅಂತ ಬಾಡಿಗೆ ಜಾಸ್ತಿ ಹೇಳಬೇಡಿ, ಅದು ಅವರಿಗೆ ಗೊತ್ತಾಗದೇ ಇರಲ್ಲ. ಗ್ಯಾಸಿಗೆ 5 ಕೆಜಿಯ ಛೋಟು ಸಿಲಿಂಡರ್ ಕೊಡಿಸಿ. ಅದಕ್ಕೆ ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಸಾಕು.